ಫ್ಯಾನು ಹಾಕದ ಶೆಡ್ಡು

ಶಂಕ್ರಮ್ಮನಿಗೆ ಹೈದರಾಬಾದಿನ ಓಣಿಗಳ ಗುರುತು ಹತ್ತಿದ್ದು ಅಲ್ಲಿಯ ಹೆಂಗಸರ ತಲೆಗೂದಲಿನಿಂದ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನವರದು ಎಣ್ಣೆ ಹಚ್ಚಿ ಹೆಣೆದ ಉದ್ದ ಜಡೆಯ ಕೂದಲು, ತೂಕಕ್ಕೂ ಮೇಲು, ಬೆಲೆಗೂ ಮೇಲು. ಹೊಸ ಅಪಾರ್ಟ್‌ಮೆಂಟುಗಳವರದು ಗಿಡ್ಡ, ಬಣ್ಣ ಹಾಕಿದ್ದು, ಹಿಡಿದರೆ ಮುರಿಯುವಂಥದ್ದು. ಒಂಬತ್ತು ವರ್ಷ ಆಕೆ ಸ್ಟೀಲು ಪಾತ್ರೆಗಳ ಬುಟ್ಟಿ ಹೊತ್ತು ಈ ಓಣಿಗಳಲ್ಲಿ ತಿರುಗಿದಳು. ತೆಲುಗಿನವರ ಕಡೆ ಹೋದರೆ "ತಲವೆಂಟ್ರುಕಲಕು ಗಿನ್ನೆಲಮ್ಮಾ!" ಎಂದೂ ಉರ್ದು ಮಾತಿನವರ ಕಡೆ ಹೋದರೆ "ಬಾಲ್ ದೇವ್, ಬರ್ತನ್ ಲೇವ್!" ಎಂದೂ, ಕೂದಲು ಕೊಟ್ಟು ಪಾತ್ರೆ ಒಯ್ಯಿರೆಂದು ಕೂಗುತ್ತಿದ್ದಳು. ಬಾಚಣಿಕೆಗೆ ಸಿಕ್ಕಿ ಉದುರಿದ ಕೂದಲನ್ನು ಹೆಂಗಸರು ಉಂಡೆ ಸುತ್ತಿ ಕಿಟಕಿಯ ಸಂದಿಯಲ್ಲಿ ತುರುಕಿಟ್ಟಿರುತ್ತಿದ್ದರು. ಅದನ್ನು ತಂದು ಕೊಟ್ಟರೆ ಒಂದು ಬಟ್ಟಲು, ಹೆಚ್ಚಿದ್ದರೆ ಒಂದು ಡಬ್ಬಿ.

ಆ ಕೆಲಸ ಕಲಿಸಿದವಳು ಬಂಡೆಮ್ಮ. ಶಂಕ್ರಮ್ಮ ಹತ್ತೊಂಬತ್ತರ ಹುಡುಗಿಯಾಗಿ ಗುರುಮಠಕಲ್ ಕಡೆಯ ಹಳ್ಳಿಯಿಂದ ಗಂಡ ಸಂಗಣ್ಣನ ಬೆನ್ನು ಹಿಡಿದು ಈ ಊರಿಗೆ ಬಂದಿದ್ದಳು. ಸಂಗಣ್ಣನದು ಸೆಂಟ್ರಿಂಗ್ ಕೆಲಸ. 2011ರಲ್ಲಿ ಮಾದಾಪುರದ ಒಂದು ಗಾಜಿನ ಕಟ್ಟಡದ ನಾಲ್ಕನೇ ಅಂತಸ್ತಿನಿಂದ ಅವನು ಕೆಳಗೆ ಬಿದ್ದ. ಗುತ್ತಿಗೆದಾರ ಹೆಣವನ್ನು ಊರಿಗೆ ಕಳಿಸಲು ಗಾಡಿ ಮಾಡಿಕೊಟ್ಟ. ಆಮೇಲೆ ಅವನು ಯಾವತ್ತೂ ಫೋನು ಎತ್ತಲಿಲ್ಲ. ಎಂಟು ವರ್ಷದ ಮಗಳು ಶಿವಗಂಗಾಳನ್ನು ಕಟ್ಟಿಕೊಂಡು ಗೋಡೆ ನೋಡುತ್ತ ಕೂತಿದ್ದ ಶಂಕ್ರಮ್ಮನ ಬಾಗಿಲಿಗೆ, ಪಕ್ಕದ ಖೋಲಿಯ ಬಂಡೆಮ್ಮ ಬಂದು ನಿಂತಳು.

"ಏಳ ತಂಗಿ, ನನ್ನ ಕೂಡ ಬಾ. ಬೇಗಂ ಬಜಾರಿನಾಗ ಪಾತ್ರಿ ನಾ ಕೊಡಸ್ತೀನಿ. ಕೂಗಾಕ ನಾಚಿಕಿ ಬಂದ್ರ ಮೊದಲ್ನೇ ದಿನ ನಾನ ಕೂಗ್ತೀನಿ, ನೀ ಹಿಂದ ಹಿಂದ ಬಾ ಸಾಕು."

ಮೊದಲ ದಿನವಲ್ಲ, ಮೊದಲ ತಿಂಗಳಿಡೀ ಬಂಡೆಮ್ಮನೇ ಕೂಗಿದಳು.

ಇಬ್ಬರೂ ತಂದ ಕೂದಲನ್ನು ಕೊಳ್ಳುತ್ತಿದ್ದವರು ಹಣಮಂತರಾಯ. ಕೊಪ್ಪಳ ಕಡೆಯವರು. ಬೇಗಂ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಗೋದಾಮು ಇತ್ತು. ಕನ್ನಡ ಮಾತಾಡುವ ಹೆಂಗಸರೆಂದರೆ ಕೂಡಿಸಿ ಚಹಾ ತರಿಸುತ್ತಿದ್ದರು. ತಕ್ಕಡಿ ತೂಗುತ್ತಲೇ ಲೋಕದ ಸುದ್ದಿ ಹೇಳುವುದು ಅವರಿಗೆ ಇಷ್ಟ.

"ಇದು ಕಸ ಅಂತ ತಿಳೀಬ್ಯಾಡ ಶಂಕ್ರಮ್ಮ. ಇದು ಇಲ್ಲಿಂದ ಕಲ್ಕತ್ತಾ, ಅಲ್ಲಿಂದ ಬರ್ಮಾ ದಾಟಿ ಚೀನಾ. ಚೀನಾದಾಗ ಟೋಪನ್ ಆಗಿ ಆಫ್ರಿಕಾ, ಅಮೆರಿಕಾ. ಲಗ್ನದ ದಿನ ಅಲ್ಲಿ ಒಬ್ಬಾಕಿ ತಲಿಮ್ಯಾಲ ಇರೋದು ನಿನ್ನ ಮಲ್ಕಾಜ್‌ಗಿರಿ ಕೂದಲ ಐತಿ."

ಶಂಕ್ರಮ್ಮ ನಗುತ್ತಿದ್ದಳು. ಅವರ ಮಾತು ಸುಳ್ಳಿರಲಿಲ್ಲ. ವರ್ಷದಿಂದ ವರ್ಷಕ್ಕೆ ಬೆಲೆ ಏರಿತು, ಹಣಮಂತರಾಯರ ಗೋದಾಮು ಒಂದು ಇದ್ದದ್ದು ಮೂರಾಯಿತು.

ಕೊರೋನಾ ಬಂದ ವರ್ಷ ಬೀದಿಯ ವ್ಯಾಪಾರ ನಿಂತುಹೋಯಿತು. ಇನ್ನೊಬ್ಬರ ಮನೆಯ ಕೂದಲು ಮುಟ್ಟಲು ಯಾರು ಒಪ್ಪುತ್ತಾರೆ? ಅಪಾರ್ಟ್‌ಮೆಂಟುಗಳ ಗೇಟು ಮುಚ್ಚಿದವು. ಆ ವರ್ಷದ ಕೊನೆಗೆ ಹಣಮಂತರಾಯರು ಶಂಕ್ರಮ್ಮನನ್ನು ಕರೆಸಿದರು. ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯ ಪಕ್ಕಕ್ಕೆ ಒಂದು ತಗಡಿನ ಶೆಡ್ಡು ಹಿಡಿದಿದ್ದರು. ಹಳೇ ಮಾಲು ಚೀಲಗಟ್ಟಲೆ ಬಿದ್ದಿತ್ತು. ಅದನ್ನು ಬಿಡಿಸಿ ಹಸನು ಮಾಡಿ ಕಳಿಸಿದರೆ ಎರಡು ಪಟ್ಟು ಬೆಲೆ. ಕೆಲಸದವರನ್ನು ಶಂಕ್ರಮ್ಮನೇ ಹುಡುಕಬೇಕು, ಶಂಕ್ರಮ್ಮನೇ ನೋಡಿಕೊಳ್ಳಬೇಕು.

ಒಂದೇ ವಾರದಲ್ಲಿ ಮೂವತ್ತು ಹೆಂಗಸರು ಬಂದರು. ಯಾದಗಿರಿ, ಸೇಡಂ ಕಡೆಯವರು. ಕಟ್ಟಡದ ಕೆಲಸ ನಿಂತು ಮನೆಯಲ್ಲಿ ಒಲೆ ಹೊತ್ತಿಸಲು ದಾರಿಯಿಲ್ಲದವರು. ಬಂಡೆಮ್ಮನೂ ಬಂದು ಬಾಗಿಲ ಹತ್ತಿರದ ಜಾಗ ಹಿಡಿದಳು. ಇನ್ನು ಶಿವಗಂಗಾ. ಆಗಷ್ಟೇ ಇಂಟರ್, ಅಂದರೆ ಪಿಯುಸಿ, ಪಾಸಾಗಿದ್ದಳು, ನರ್ಸಿಂಗ್ ಸೇರಬೇಕೆಂದಿದ್ದಳು.

"ಒಂದು ವರ್ಷ ಕುಂದರು ನನ್ನವ್ವ," ಎಂದಳು ಶಂಕ್ರಮ್ಮ. "ಒಂದು ವರ್ಷ ಆದಮ್ಯಾಲ ನಾನ ಕರ್ಕೊಂಡು ಹೋಗಿ ಸೇರಸ್ತೀನಿ."

ಹುಡುಗಿ ಒಪ್ಪಿದಳು. ಅವಳ ಬೆರಳು ಎಲ್ಲರಿಗಿಂತ ಚುರುಕು. ಉಂಡೆಯನ್ನು ತೊಡೆಯ ಮೇಲಿಟ್ಟು ಸೂಜಿಯ ತುದಿಯಿಂದ ಒಂದೊಂದೇ ಎಳೆ ಬಿಡಿಸುವುದು, ಬಿಳಿಕೂದಲು ಬೇರೆ ಮಾಡುವುದು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚುವುದು, ಉದ್ದ ನೋಡಿ ಕಟ್ಟು ಕಟ್ಟುವುದು, ಇದೇ ಕೆಲಸ. ಬಾಚುವಾಗ ಏಳುವ ಧೂಳು ಮಾತ್ರ ಹೇಳತೀರದು. ಹೊಟ್ಟು, ಒಣಗಿದ ಎಣ್ಣೆ, ಹೇನಿನ ಸತ್ತ ಮೊಟ್ಟೆ, ಕಸದ ತೊಟ್ಟಿಯ ಮಣ್ಣು ಎಲ್ಲ ಕಲೆತು ಬೂದು ಹಿಟ್ಟಿನಂತೆ ತಗಡಿನ ಕೆಳಗೆ ನಿಲ್ಲುತ್ತಿತ್ತು. ಸಂಜೆ ಮನೆಗೆ ಹೋಗುವಾಗ ಮೂವತ್ತು ಜನರ ಹುಬ್ಬೂ ಬೂದು.

ಶೆಡ್ಡಿನಲ್ಲಿ ಹಳೇ ಬಾಡಿಗೆದಾರರು ಬಿಟ್ಟುಹೋದ ಮೂರು ಫ್ಯಾನು ಇದ್ದವು. ಹಣಮಂತರಾಯರು ಮೊದಲ ದಿನವೇ ಹೇಳಿದ್ದರು, ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ ಎಂದು. ಗಾಳಿ ಆಡಿದರೆ ಬಿಡಿಸಿದ ಎಳೆಗಳು ಹಾರಿ ಮತ್ತೆ ಸಿಕ್ಕಾಗುತ್ತವೆ, ತೂಕ ತಪ್ಪುತ್ತದೆ. ಶಂಕ್ರಮ್ಮ ಕಿಟಕಿಗೆ ಗೋಣಿತಟ್ಟು ಬಡಿದಳು. ಯಾರಾದರೂ ಮರೆತು ಒತ್ತಿಯಾರೆಂದು ಸ್ವಿಚ್ಚಿಗೆ ಬಟ್ಟೆ ಸುತ್ತಿ ದಾರ ಬಿಗಿದಳು.

ಏಪ್ರಿಲ್ ತಿಂಗಳಲ್ಲಿ ತಗಡು ಕಾದು ನೆತ್ತಿ ಸುಡುವಾಗ ಬಂಡೆಮ್ಮ ಕೇಳಿದಳು. "ತಂಗೀ, ಊಟದ ಹೊತ್ತಿನಾಗರ ಒಂದೀಟು ಫ್ಯಾನ್ ಹಾಕು. ಜೀವ ಹೋಗಾಕತ್ತೈತಿ."

"ಕೂದಲ ಹಾರತಾವ ಯಕ್ಕಾ. ಹಾರಿದ್ದಕ್ಕ ಸಾವ್ಕಾರ್ರು ನನ್ನ ಕೇಳ್ತಾರ, ನಿನ್ನಲ್ಲ."

ಬಂಡೆಮ್ಮ ಸೆರಗು ಬೀಸಿಕೊಂಡು ಉಂಡಳು.

ಆ ಎರಡು ವರ್ಷ ಶಂಕ್ರಮ್ಮ ಸುಖವಾಗಿದ್ದಳು ಎಂಬುದನ್ನೂ ಹೇಳಲೇಬೇಕು. ಖೋಲಿ ಬಿಟ್ಟು ಎರಡು ಕೋಣೆಯ ಮನೆ ಹಿಡಿದಳು. ಫ್ರಿಜ್ ತಂದಳು. ಊರಿನಲ್ಲಿ ಅವಳನ್ನು ಗಂಡನನ್ನು ತಿಂದವಳೆಂದು ಕರೆದಿದ್ದ ಮೈದುನನೇ ಫೋನು ಮಾಡಿ, "ವೈನಿ, ನನ್ನ ಹೇಣ್ತಿಗೂ ಒಂದು ಕೆಲಸ ನೋಡ್ರಿ" ಎಂದು ಬಹುವಚನ ಹಚ್ಚಿದ. ಕೂದಲಿನ ಬೆಲೆ ಏರುತ್ತಲೇ ಇತ್ತು. ಹಣಮಂತರಾಯರು ಕೊಂಪಲ್ಲಿಯಲ್ಲಿ ಮನೆ ಕಟ್ಟಿಸಿದರು. ಒಂದು ವರ್ಷವೆಂದ ಶಿವಗಂಗಾಳ ಅವಧಿ ಎರಡಾಯಿತು. ಎರಡನೇ ಸಲ ಹುಡುಗಿ ನರ್ಸಿಂಗಿನ ಅರ್ಜಿ ತಂದು ಮುಂದಿಟ್ಟಾಗ ದೊಡ್ಡ ಆರ್ಡರು ಕೈಯಲ್ಲಿತ್ತು. "ಇದೊಂದು ಮುಗೀಲಿ" ಎಂದು ಶಂಕ್ರಮ್ಮ ಅದನ್ನು ಫ್ರಿಜ್ಜಿನ ಮೇಲೆ ಇಟ್ಟಳು.

ಶಿವಗಂಗಾಳಿಗೆ ಕೆಮ್ಮು ಶುರುವಾದದ್ದು ಆಗ. ಒಣ ಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು. ಓಣಿಯ ಖಾಸಗಿ ಡಾಕ್ಟರು ಎಕ್ಸ್‌ರೇ ನೋಡಿ ಟಿ.ಬಿ. ಎಂದ, ಆರು ತಿಂಗಳ ಗುಳಿಗೆ ಬರೆದ. ಗುಳಿಗೆ ನುಂಗಿ ನುಂಗಿ ಹುಡುಗಿ ಬಾಡಿದಳು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಹಲಗೆಯ ಮುಂದೆ ಕೂರುತ್ತಿದ್ದಳು. ಮನೆಯಲ್ಲಿ ಮಲಗಿರು ಎಂದು ಶಂಕ್ರಮ್ಮ ಹೇಳಿದ್ದು ನಿಜ. ಅಷ್ಟು ಒತ್ತಿ ಹೇಳಲಿಲ್ಲ ಎಂಬುದೂ ನಿಜ. ಉದ್ದ ಕೂದಲಿನ ಕಟ್ಟನ್ನು ಅವಳಷ್ಟು ಸಮನಾಗಿ ಕಟ್ಟುವವರು ಶೆಡ್ಡಿನಲ್ಲಿ ಇನ್ನೊಬ್ಬರಿರಲಿಲ್ಲ.

2023ರ ಫೆಬ್ರವರಿಯಲ್ಲಿ ಹಣಮಂತರಾಯರು ಶಂಕ್ರಮ್ಮನಿಗೊಂದು ರೇಷ್ಮೆ ಸೀರೆ ಕೊಡಿಸಿ ಹೈಟೆಕ್ ಸಿಟಿಯ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದರು. ಹೊರದೇಶದ ಬಂಡವಾಳದವರು, ರಫ್ತಿನ ವ್ಯಾಪಾರಿಗಳು ಸೇರಿದ್ದ ಸಭೆ. ವೇದಿಕೆಯ ಮೇಲೆ ಒಬ್ಬ ತರುಣ ಗೋಡೆಗೆ ಚಿತ್ರ ಹಾಕಿ ಮಾತಾಡಿದ. ಏರುವ ಕೆಂಪು ಗೆರೆಯೊಂದನ್ನು ಮತ್ತೆ ಮತ್ತೆ ತೋರಿಸಿದ. ಪಕ್ಕದಲ್ಲಿದ್ದ ಹಣಮಂತರಾಯರು ಪಿಸುಗುಟ್ಟಿದರು. "ಮುಂದಿನ ಸಂಪತ್ತೆಲ್ಲ ನಮ್ಮಂಥ ದೇಶದಾಗ ಹುಟ್ಟತೈತಿ ಅನ್ನಾಕತ್ತಾರ. ಮಂದಿ ಬ್ಯಾಡ ಅಂತ ಒಗೆದದ್ದರಾಗ ರೊಕ್ಕ ಕಾಣೋದು ನಮಗ ಗೊತ್ತೈತಂತ."

ಆಮೇಲೆ ಶಂಕ್ರಮ್ಮನನ್ನು ವೇದಿಕೆಗೆ ಕರೆದರು. ಬೀದಿಯಲ್ಲಿ ಕೂದಲು ಆಯುತ್ತಿದ್ದವಳು ಇಂದು ಮೂವತ್ತು ಮನೆಗಳಿಗೆ ಅನ್ನ ಕೊಡುವವಳು ಎಂದು ಹೇಳಿ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಶಂಕ್ರಮ್ಮನ ಗಮನವೆಲ್ಲ ಚಾವಣಿಯ ಮೇಲಿತ್ತು. ಅಲ್ಲಿಂದ ತಂಪು ಇಳಿಯುತ್ತಿತ್ತು, ಆದರೆ ಮೇಜಿನ ಮೇಲಿನ ಹೂದಾನಿಯ ಒಂದು ಎಸಳೂ ಅಲುಗುತ್ತಿರಲಿಲ್ಲ.

ಕಾರಿನಲ್ಲಿ ಬರುವಾಗ ಕೇಳಿದಳು. "ಸಾವ್ಕಾರ್ರೆ, ಅಂಥಾದ್ದು ನಮ್ಮ ಶೆಡ್ಡಿಗಿ ಹಾಕ್ಸಿದ್ರ? ಗಾಳಿ ಬೀಸಂಗಿಲ್ಲ, ಕೂದಲ ಹಾರಂಗಿಲ್ಲ."

ಹಣಮಂತರಾಯರು ಜೋರಾಗಿ ನಕ್ಕರು. "ತಗಡಿನ ಶೆಡ್ಡಿಗಿ ಎಸಿ? ಹುಚ್ಚಿ ಇದ್ದಿ ನೀ ಶಂಕ್ರಮ್ಮ. ಹಂಗ ಮಾಡಿದ್ರ ಚೀನಾದವ ನನ್ನ ಕಡೆ ಯಾಕ ಬರ್ತಾನ? ನಮ್ಮಲ್ಲಿ ಸೋವಿ ಅಂತನ ಬರ್ತಾನ."

ಜೂನ್ ತಿಂಗಳಲ್ಲಿ ಶಿವಗಂಗಾ ಸ್ನಾನದ ಮನೆಯಲ್ಲಿ ಕುಸಿದು ಬಿದ್ದಳು. ತುಟಿ ನೀಲಿಗಟ್ಟಿತ್ತು. ಈ ಸಲ ಶಂಕ್ರಮ್ಮ ಆಟೋ ಮಾಡಿ ಎದೆರೋಗದ ದೊಡ್ಡ ಸರ್ಕಾರಿ ದವಾಖಾನೆಗೆ ಒಯ್ದಳು. ಅಲ್ಲಿಯ ಡಾಕ್ಟರಮ್ಮ ಶ್ರೀವಿದ್ಯಾ, ಬಳ್ಳಾರಿಯಲ್ಲಿ ಓದಿದವಳಂತೆ, ಕನ್ನಡ ಬರುತ್ತಿತ್ತು. ಮೂರು ದಿನ ಏನೇನೋ ಪರೀಕ್ಷೆ ಮಾಡಿಸಿ, ನಾಲ್ಕನೆಯ ದಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡಳು.

"ಇವಳು ಏನು ಕೆಲಸ ಮಾಡ್ತಾಳಮ್ಮ?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶಂಕ್ರಮ್ಮ ಹೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಆಗ ಚೀಲದಲ್ಲಿದ್ದ ಒಂದು ಉಂಡೆ ತೆಗೆದು ಮೇಜಿನ ಮೇಲೆ ಬಿಡಿಸಿ ತೋರಿಸಿದಳು. ಬಿಳಿ ಹಾಳೆಯ ಮೇಲೆ ಬೂದು ಧೂಳು ಬಿತ್ತು. ಡಾಕ್ಟರು ಅದನ್ನು ಬೆರಳಿನಿಂದ ಮುಟ್ಟಿ ತಿಕ್ಕಿ ನೋಡಿದಳು.

"ಟಿ.ಬಿ. ಅಲ್ಲಮ್ಮ ಇದು. ಈ ಧೂಳು ಒಳಗೆ ಹೋಗಿ ಹೋಗಿ ಪುಪ್ಪುಸ ಗಟ್ಟಿಯಾಗಿದೆ. ಗಟ್ಟಿಯಾದ ಭಾಗ ಮತ್ತೆ ಸರಿಯಾಗೋದಿಲ್ಲ. ಉಳಿದದ್ದನ್ನಾದರೂ ಉಳಿಸಬೇಕು. ಮನೆಯಲ್ಲಿ ಆಕ್ಸಿಜನ್ ಬೇಕಾಗತ್ತೆ. ಆ ಜಾಗಕ್ಕೆ ಇವಳು ಇನ್ನೊಂದು ದಿನವೂ ಹೋಗಬಾರದು. ಅಲ್ಲಿ ಗಾಳಿ ಆಡೋದಿಲ್ವಾ?"

"ಇಲ್ರಿ," ಎಂದಳು ಶಂಕ್ರಮ್ಮ. ಮೇಜಿನ ಮೇಲಿನ ಕೂದಲನ್ನು ಮತ್ತೆ ಉಂಡೆ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮಗಳು ಮನೆಯಲ್ಲಿ ಉಳಿದಳು. ಮಂಚದ ಪಕ್ಕ ಬಾಡಿಗೆಯ ಆಕ್ಸಿಜನ್ ಯಂತ್ರ ಗುರುಗುಟ್ಟತೊಡಗಿತು. ಅದರ ಬಾಡಿಗೆ, ಔಷಧಿ ಎಲ್ಲಕ್ಕೂ ಕೂದಲಿನ ದುಡಿಮೆಯೇ ಗತಿ. ಶಂಕ್ರಮ್ಮ ಹಣಮಂತರಾಯರ ಮುಂದೆ ಹೋಗಿ ಎಲ್ಲ ಹೇಳಿದಳು. ಅವರ ಮುಖ ಸಣ್ಣದಾಯಿತು. ಹುಡುಗಿಯ ಔಷಧಿಗೆಂದು ಅಲ್ಲಿಯೇ ಜೇಬಿನಿಂದ ತೆಗೆದುಕೊಟ್ಟರು, ಆ ಸಂಜೆಯೇ ಐದು ಡಬ್ಬಿ ಮಾಸ್ಕು ಕಳಿಸಿದರು. ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು.

"ಹೆಣ್ಮಕ್ಕಳಿಗಿ ಈಗ ಹೇಳಬ್ಯಾಡ. ಅಂಜಿ ಎಲ್ಲಾರೂ ಬಿಟ್ಟು ಹೋಗ್ತಾರ. ದಸರಾದ ಲಾರಿಗಿ ಮಾಲ್ ಕಳಸೂನು. ಆಮ್ಯಾಲ ನಾನ ಬಂದು ಹೇಳ್ತೀನಿ."

ಶಂಕ್ರಮ್ಮ ಹೇಳಲಿಲ್ಲ. ಮಾಸ್ಕು ಹಂಚಿದಳು, ಆ ಸೆಕೆಗೆ ಎಲ್ಲರೂ ಅದನ್ನು ಗದ್ದಕ್ಕೆ ಇಳಿಸಿಕೊಂಡರು. ಬಾಗಿಲ ಬಳಿ ಕೂತ ಬಂಡೆಮ್ಮ ಕೆಮ್ಮಿದಾಗೆಲ್ಲ ಶಂಕ್ರಮ್ಮ ಬೇರೆ ಕಡೆ ನೋಡಿದಳು. ಮನೆಗೆ ಬಂದರೆ ಶಿವಗಂಗಾ ಕೇಳುತ್ತಿದ್ದಳು. "ಬಂಡೆ ದೊಡ್ಡವ್ವಗ ಹೇಳಿದಿ?"

"ಹೇಳ್ತೀನಿ."

"ಯಾವಾಗ ಹೇಳ್ತಿ ಯವ್ವ?"

"ಹೇಳ್ತೀನಂದ್ನೆಲ್ಲ, ನೀ ಮಾತಾಡಬ್ಯಾಡ, ದಮ್ಮ ಹತ್ತತೈತಿ."

ಹೀಗೆ ನಾಲ್ಕು ತಿಂಗಳು ಹೋಯಿತು. ದಸರಾಕ್ಕೆ ಒಂದು ವಾರವಿದ್ದಾಗ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಶೆಡ್ಡಿನ ಮುಂದೆ ಒಂದು ಆಟೋ ನಿಂತಿತು. ಶಿವಗಂಗಾ ಸಣ್ಣ ಸಿಲಿಂಡರನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಇಳಿದಳು. ಮೂಗಿನಲ್ಲಿ ನಳಿಗೆ. ಇಪ್ಪತ್ತರ ಹುಡುಗಿ ಬಾಗಿಲಿನಿಂದ ಗೋಡೆಯವರೆಗಿನ ಹತ್ತು ಹೆಜ್ಜೆ ನಡೆಯಲು ಮೂರು ಸಲ ನಿಂತಳು. ಏನಾಗುತ್ತಿದೆ ಎಂದು ಶಂಕ್ರಮ್ಮನಿಗೆ ಹೊಳೆಯುವಷ್ಟರಲ್ಲಿ ಅವಳು ಸ್ವಿಚ್ಚಿನ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು ಮೂರೂ ಫ್ಯಾನು ಹಾಕಿಬಿಟ್ಟಿದ್ದಳು.

ಮೂರು ವರ್ಷದ ಧೂಳು ರೆಕ್ಕೆಗಳಿಂದ ಮೊದಲು ಉದುರಿತು. ಆಮೇಲೆ ಕೂದಲು ಎದ್ದಿತು. ಬಿಡಿಸಿದ್ದು, ಬಾಚಿದ್ದು, ಕಟ್ಟಿದ್ದು, ವಾರಗಟ್ಟಲೆಯ ಕೆಲಸವೆಲ್ಲ ಎದ್ದು ತಗಡಿನ ಕೆಳಗೆ ಸುತ್ತತೊಡಗಿತು. ಹೆಂಗಸರು ಕಿರುಚುತ್ತ ಕೈಯಿಂದ ಹಿಡಿಯಲು ಹೋದರು.

"ಬಿಡ್ರಿ ಅದನ್ನ!" ಶಿವಗಂಗಾಳ ದನಿ ದೊಡ್ಡದಾಗಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. "ಹೊರಗ ನಡೀರಿ. ನನಗ ಟಿ.ಬಿ. ಇಲ್ಲ. ಇದರ ಧೂಳ ಐತಿ ನನ್ನ ಎದಿಯಾಗ. ಡಾಕ್ಟರ್ ಹೇಳ್ಯಾರ. ನಮ್ಮವ್ವಗ ಗೊತ್ತೈತಿ."

ಶಂಕ್ರಮ್ಮ ಓಡಿಹೋಗಿ ಮಗಳನ್ನು ಹಿಡಿದುಕೊಂಡಳು. ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿ ತಲೆಯೆತ್ತಿದರೆ ಬಂಡೆಮ್ಮ ಎದುರಿಗಿದ್ದಳು. ತಲೆ, ಹುಬ್ಬು, ರವಿಕೆಯ ತೋಳಿಗೆಲ್ಲ ಕೂದಲು ಅಂಟಿತ್ತು.

"ಎಷ್ಟ ದಿನಾ ಆತು ನಿನಗ ಗೊತ್ತಾಗಿ?"

"ನಾಕ ತಿಂಗಳ ಯಕ್ಕಾ."

ಬಂಡೆಮ್ಮ ಒಳಗೆ ಹೋಗಿ ತನ್ನ ಬುತ್ತಿ ಡಬ್ಬಿ ತಂದಳು, ಚಪ್ಪಲಿ ಮೆಟ್ಟಿದಳು, ಹಳಿಯ ಪಕ್ಕದ ದಾರಿ ಹಿಡಿದು ಹೋಗಿಬಿಟ್ಟಳು. ಇನ್ನೂ ಹನ್ನೊಂದು ಜನ ಅವಳ ಹಿಂದೆ ಹೋದರು. ಉಳಿದವರು ಅಲ್ಲಿಯೇ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹದಿನೆಂಟು ಜನ ಮತ್ತೆ ಬಾಗಿಲಲ್ಲಿದ್ದರು. "ಕೆಮ್ಮ ಬರೋದು ನಾಳಿಗಿ, ಹಸಿವು ಇವತ್ತ ಐತಿ," ಎಂದಳು ಅವರಲ್ಲೊಬ್ಬಳು. ಶಂಕ್ರಮ್ಮ ಕಿಟಕಿಯ ಗೋಣಿತಟ್ಟು ಕಿತ್ತೆಸೆದು ಅವರನ್ನು ಒಳಗೆ ಬಿಟ್ಟಳು. ಅರ್ಧ ಮಾಲು ಹಾಳಾಗಿತ್ತು. ಹಣಮಂತರಾಯರು ಬಂದು ನೋಡಿ ತಿರುಗಿ ಹೋದರು.

ಹೇಗೂ ಆ ಕೆಲಸ ಬಹಳ ದಿನ ನಡೆಯಲಿಲ್ಲ. ಬರ್ಮಾದ ಗಡಿಯಲ್ಲಿ ಕಾಳಗ ನಡೆದು ಲಾರಿಗಳು ನಿಂತವು. ಚೀನಾದ ಗಿರಾಕಿ ಫೋನು ಎತ್ತುವುದು ಬಿಟ್ಟ. ಸಂಕ್ರಾಂತಿಯ ಮರುವಾರ ಹಣಮಂತರಾಯರು ಶೆಡ್ಡಿಗೆ ಬೀಗ ಹಾಕಿದರು. ಶಂಕ್ರಮ್ಮನ ಕೈಗೆ ಒಂದು ತಿಂಗಳ ಪಗಾರ ಇಟ್ಟು, "ಈ ಧಂದೆ ಮುಗೀತು. ಈಗ ಭೂಮಿ ಕಡೆ ಹೊಂಟೀನಿ. ಮಗಳನ್ನ ಚಂದಾಗಿ ನೋಡ್ಕೋ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳೆಂದು ಶಂಕ್ರಮ್ಮ ಇವತ್ತಿಗೂ ಹೇಳುವುದಿಲ್ಲ. ಆದರೆ ಮತ್ತೆ ಅವರ ಬಾಗಿಲಿಗೆ ಹೋಗಲಿಲ್ಲ.

ಅಬಿಡ್ಸ್‌ನ ಒಂದು ಲಾಡ್ಜಿನಲ್ಲಿ ಕಸ ಹೊಡೆಯುವ, ಹಾಸಿಗೆ ಒಗೆಯುವ ಕೆಲಸ ಸಿಕ್ಕಿತು. ಫ್ರಿಜ್ ಮಾರಿದಳು, ಹಳೇ ಖೋಲಿಗೆ ಮರಳಿದಳು. ಶಿವಗಂಗಾ ಮಲಗಿದಲ್ಲಿಂದಲೇ ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು, ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡು. ತಾಯಿಯ ಮೇಲೆ ಸಿಟ್ಟು ಮಾಡಲಿಲ್ಲ. ಒಮ್ಮೆ ತಲೆ ಬಾಚುವಾಗ ಶಂಕ್ರಮ್ಮ, "ನಿನ್ನ ನಾನ ಕೊಂದೆ" ಎಂದು ಅತ್ತಳು. "ಇನ್ನೂ ಸತ್ತಿಲ್ಲೇಳು. ಜಡಿ ಹೆಣಿ," ಎಂದಳು ಶಿವಗಂಗಾ.

2024ರ ಆಗಸ್ಟಿನಲ್ಲಿ, ದವಾಖಾನೆಯ ವಾರ್ಡಿನಲ್ಲಿ, ಮಧ್ಯಾಹ್ನದ ಊಟದ ಗಾಡಿ ಬಂದ ಹೊತ್ತಿಗೆ ಹುಡುಗಿ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತೊಂದು. ಕಾಗದ ಬರೆಯುತ್ತ ಡಾಕ್ಟರ್ ಶ್ರೀವಿದ್ಯಾ ತಲೆಯೆತ್ತದೆ ಕೇಳಿದಳು. "ಆ ಶೆಡ್ಡಿನಲ್ಲಿ ಒಟ್ಟು ಎಷ್ಟು ಜನ ಇದ್ದರಮ್ಮ?"

"ಮೂವತ್ತು ಮಂದಿರಿ."

"ನಾನು ನೋಡಿದ್ದು ಒಬ್ಬಳನ್ನೇ."

ಮಣ್ಣು ಮಾಡಿದ ಹದಿನೈದನೆಯ ದಿನಕ್ಕೆ ಶಂಕ್ರಮ್ಮ ಹುಡುಕಲು ಹೊರಟಳು. ಕೆಲವರು ಊರಿಗೆ ಹೋಗಿದ್ದರು, ಕೆಲವರು ನಗರದ ಇನ್ನೊಂದು ತುದಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದರು. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಒಬ್ಬಳ ಗಂಡ ಕೈ ಎತ್ತಿಕೊಂಡು ಬಂದ. ಶಂಕ್ರಮ್ಮ ಮತ್ತೆ ಮರುವಾರ ಅದೇ ಬಾಗಿಲಿಗೆ ಹೋದಳು. ಲಾಡ್ಜಿನಲ್ಲಿ ಮಂಗಳವಾರದ ರಜೆ ಬರೆಸಿಕೊಂಡು, ವಾರಕ್ಕೆ ಇಬ್ಬರು ಮೂವರಂತೆ ಬಸ್ಸಿನಲ್ಲಿ ದವಾಖಾನೆಗೆ ಕರೆದೊಯ್ದಳು. ಇಲ್ಲಿಯವರೆಗೆ ಹತ್ತೊಂಬತ್ತು ಜನರ ಎಕ್ಸ್‌ರೇ ಆಗಿದೆ. ಏಳು ಜನರ ಎದೆಯಲ್ಲಿ ಅದೇ ಕಲೆ.

ಪರಿಹಾರಕ್ಕೆಂದು ಕಾರ್ಮಿಕರ ಕಚೇರಿಗೂ ಹೋದಳು. ಕಂಪ್ಯೂಟರಿನ ಮುಂದಿದ್ದವನು ಕೆಲಸಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ. ಗಾರೆ ಇತ್ತು, ಬೀಡಿ ಇತ್ತು, ಹೊಲಿಗೆ ಇತ್ತು. "ಕೂದಲು ಬಿಡಿಸೋದು ಅಂತ ಇದರಲ್ಲಿ ಇಲ್ಲವೇ ಇಲ್ಲಮ್ಮ" ಎಂದು ತೆಲುಗಿನಲ್ಲಿ ಹೇಳಿ, ಗೃಹಿಣಿ ಎಂದು ಹಾಕಲೇ ಎಂದು ಕೇಳಿದ. ಬೇಡ ಎಂದಳು. ಅರ್ಜಿ ಹಾಗೆಯೇ ಇದೆ.

ಬಂಡೆಮ್ಮ ಎಲ್ಲರಿಗಿಂತ ಕೊನೆಗೆ ಒಪ್ಪಿದಳು. ಅದೂ ಉಸಿರು ಕಟ್ಟಿ ನಿದ್ದೆ ಬಾರದಂತಾದ ಮೇಲೆ. ಬಸ್ಸಿನಲ್ಲಿ ಶಂಕ್ರಮ್ಮನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಕೂತಳು. ದವಾಖಾನೆಯ ಸಾಲಿನಲ್ಲಿ ಮೂರು ತಾಸು ಬೆನ್ನು ತಿರುಗಿಸಿ ನಿಂತಳು. ಎಕ್ಸ್‌ರೇ ಸ್ವಚ್ಛವಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು, ಗುಳಿಗೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಗೆ ಬಂದಳು. ಗೇಟಿನ ಹತ್ತಿರ ನಿಂತಳು. ಎರಡು ವರ್ಷದ ಮೇಲೆ ಮೊದಲ ಸಲ ಶಂಕ್ರಮ್ಮನ ಕಡೆ ತಿರುಗಿ ಮಾತಾಡಿದಳು.

"ಮುಂದಿನ ಮಂಗಳಾರ ಎಷ್ಟಕ್ಕ ಬರ್ಲಿ?"

"ಏಳೂವರಿಗಿ ಬಾ ಯಕ್ಕಾ. ಎಂಟಾದ್ರ ಲೈನ್ ಭಾಳ ಉದ್ದ ಆಗತೈತಿ."

ಬಂಡೆಮ್ಮ ಗೋಡೆ ಹಿಡಿದು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, ಬಸ್ ಸ್ಟಾಪಿನ ಕಡೆ ಒಬ್ಬಳೇ ನಡೆದಳು.